ಶಿಶಿಕ್ಷು ತರಬೇತಿ ಮತ್ತು ಮೊದಲ ಉದ್ಯೋಗ: ಶಾಲೆಯ ಹೊಣೆಯ ಕುರಿತು ಒಂದು ವಿಚಾರ

ಪ್ರತಿವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ದಿನ ನಮ್ಮ ಶಾಲೆಗಳ ಕಪ್ಪುಹಲಗೆಯ ಮೇಲೆ ತೇರ್ಗಡೆಯ ಶೇಕಡಾ ಪ್ರಮಾಣ ಮೂಡುತ್ತದೆ. ಉನ್ನತ ಶ್ರೇಣಿ ಪಡೆದವರ ಭಾವಚಿತ್ರಗಳು ಇಂತಹ ಸಂಚಿಕೆಗಳಲ್ಲಿ ಅಚ್ಚಾಗುತ್ತವೆ. ಅದು ಆಗಬೇಕಾದದ್ದೇ. ಆದರೆ ಅದೇ ತರಗತಿಯ ನಡುಬೆಂಚಿನಲ್ಲಿ ಕುಳಿತು, ನೂರಕ್ಕೆ ಐವತ್ತರಷ್ಟು ಅಂಕ ಗಳಿಸಿ, ಮುಂದೆ ಓದಿಸುವ ಶಕ್ತಿಯಿಲ್ಲದ ಮನೆಗೆ ಹಿಂದಿರುಗಿದ ಹುಡುಗನೋ ಹುಡುಗಿಯೋ ಆ ಬಳಿಕ ಎಲ್ಲಿಗೆ ಹೋದರೆಂಬುದನ್ನು ಬರೆದಿಡುವ ಪುಸ್ತಕವನ್ನು ನಾನು ಯಾವ ಶಾಲೆಯ ಕಚೇರಿಯಲ್ಲಿಯೂ ಕಂಡಿಲ್ಲ. ಮೂರು ದಶಕಗಳಿಗೂ ಮಿಕ್ಕಿ ಅಧ್ಯಾಪನ ಮಾಡಿದ ನಾನೂ ಅಂತಹ ಪುಸ್ತಕವನ್ನು ಇಟ್ಟವನಲ್ಲ.

ಪಟ್ಟಣದ ನೌಕರಸ್ಥರ ಮಕ್ಕಳಿಗೆ ಮೊದಲ ಉದ್ಯೋಗದ ದಾರಿ ತೋರುವವರು ಮನೆಯಲ್ಲಿಯೇ ಇರುತ್ತಾರೆ. ಸೋದರಮಾವ ಕಾರ್ಖಾನೆಯಲ್ಲಿರುತ್ತಾನೆ, ಚಿಕ್ಕಪ್ಪ ವಿದ್ಯುತ್ ಮಂಡಳಿಯಲ್ಲಿರುತ್ತಾನೆ. ಯಾವ ಅರ್ಜಿ ಯಾವಾಗ ಹೊರಡುತ್ತದೆಂಬುದು ಊಟಕ್ಕೆ ಕುಳಿತಾಗಲೇ ತಿಳಿದುಹೋಗುತ್ತದೆ. ಎರಡೆಕರೆ ಮಳೆಯಾಶ್ರಿತ ಹೊಲದ ರೈತನ ಮಗನಿಗೆ ಇಂತಹ ಬಂಧುಗಳಿಲ್ಲ. ಅವನಿಗೆ ಕೊರತೆಯಿರುವುದು ಬುದ್ಧಿಯದಲ್ಲ, ಪರಿಚಯದ್ದು. ಆ ಪರಿಚಯವನ್ನು ಒದಗಿಸಬಲ್ಲದ್ದು ಅವನು ಓದಿದ ಶಾಲೆಯೊಂದೇ.

ಕೆಲಸ ಕಲಿಯುತ್ತಲೇ ಅಷ್ಟಿಷ್ಟು ಸಂಪಾದಿಸುವ ಮಾರ್ಗ ನಮ್ಮ ದೇಶದ ಕಾನೂನಿನಲ್ಲಿ ಬಹುಕಾಲದಿಂದ ಇದೆ. ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಕೇಂದ್ರ ಸರ್ಕಾರ 1950ರಲ್ಲಿ ಆರಂಭಿಸಿತು, ಐ.ಟಿ.ಐ.ಗಳೆಂದು ನಾವು ಕರೆಯುವ ಕೈಗಾರಿಕಾ ತರಬೇತಿ ಸಂಸ್ಥೆಗಳು ಆ ಯೋಜನೆಯ ಫಲ. ಸಂಸ್ಥೆಯೊಳಗಿನ ಕಲಿಕೆಗೆ ಕಾರ್ಖಾನೆಯ ಅನುಭವವೂ ಕೂಡಬೇಕೆಂದು 1961ರಲ್ಲಿ ಶಿಶಿಕ್ಷು ಅಧಿನಿಯಮ ಬಂದಿತು. ಜನರ ಬಾಯಲ್ಲಿ ಇದು ‘ಅಪ್ರೆಂಟಿಸ್’. ಮೊದಲು ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್ ಮುಂತಾದ ಕಸುಬುಗಳಿಗೆ ಸೀಮಿತವಾಗಿದ್ದ ಈ ವ್ಯವಸ್ಥೆ 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರಿಗೂ ಡಿಪ್ಲೊಮಾ ಪಡೆದವರಿಗೂ ವಿಸ್ತರಿಸಿತು. 2019ರಲ್ಲಿ ನಿಯಮಗಳನ್ನು ಮತ್ತೆ ತಿದ್ದಿ, ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇಕಡಾ 2.5ರಿಂದ 15ರವರೆಗೆ ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕೆಂದು ವಿಧಿಸಲಾಯಿತು. ವಿದ್ಯಾರ್ಹತೆಗನುಗುಣವಾಗಿ ತಿಂಗಳಿಗೆ 5,000ದಿಂದ 9,000 ರೂಪಾಯಿಗಳ ಕನಿಷ್ಠ ಶಿಷ್ಯವೇತನವೂ ಆಗಲೇ ಗೊತ್ತಾಯಿತು.

ಇದು ಕೂಲಿಯಲ್ಲ, ಕರಾರು. ಶಿಶಿಕ್ಷುವೂ ಮಾಲೀಕನೂ ಸಹಿ ಮಾಡಬೇಕು. ಹುಡುಗ ಅಪ್ರಾಪ್ತ ವಯಸ್ಕನಾದರೆ ಪೋಷಕರು ಸಹಿ ಮಾಡಬೇಕು. ಕರಾರು ಸರ್ಕಾರದಲ್ಲಿ ನೋಂದಣಿಯಾಗಬೇಕು. ಅಧಿಕಾರಿಯ ಅನುಮತಿಯಿಲ್ಲದೆ ಹೆಚ್ಚಿನ ಅವಧಿಯ ದುಡಿಮೆ ಮಾಡಿಸುವಂತಿಲ್ಲ. ತರಬೇತಿಯಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕನದು. ಸಹಿ ಹಾಕುವ ಮುನ್ನ ಈ ಕಾಗದವನ್ನು ತಂದೆ-ತಾಯಿಗೆ ಕನ್ನಡದಲ್ಲಿ ಓದಿ ಹೇಳುವವರು ಊರಿನಲ್ಲಿ ಯಾರಿದ್ದಾರೆ? ಅಧ್ಯಾಪಕರಲ್ಲದೆ ಮತ್ತಾರೂ ಇಲ್ಲ.

ಮಿತಿಯನ್ನೂ ಮರೆಮಾಚಬಾರದು. ತರಬೇತಿ ಮುಗಿಸಿದವನಿಗೆ ಅಲ್ಲಿಯೇ ನೌಕರಿ ಕೊಡಲೇಬೇಕೆಂದು ಅಧಿನಿಯಮ ಹೇಳುವುದಿಲ್ಲ. ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಶಿಶಿಕ್ಷುಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಉಳಿದೆಲ್ಲವೂ ಸಮಾನವಾಗಿದ್ದಲ್ಲಿ ತರಬೇತಿ ಪಡೆದವನಿಗೆ ಆದ್ಯತೆ ಸಲ್ಲಬೇಕೆಂದು ತೀರ್ಪಿತ್ತಿತು. ಅದು ಆದ್ಯತೆ, ಖಾತರಿಯಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ಮೊದಲೇ ತಿಳಿಸದಿದ್ದರೆ ವರ್ಷ ಮುಗಿದಾಗ ಅವರು ಮೋಸಹೋದೆವೆಂದು ಮನೆಗೆ ಬರುತ್ತಾರೆ.

ಮೋಸದ ಮಾತು ಬಂದುದರಿಂದ ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುವುದು ಲೇಸು. ಒಮ್ಮೆ ಖಾಸಗಿ ತರಬೇತಿ ಕೇಂದ್ರವೊಂದರ ಪ್ರತಿನಿಧಿ ಬಣ್ಣದ ವಿವರಣ ಪತ್ರಿಕೆ ಹಿಡಿದು ಶಾಲೆಗೆ ಬಂದ. ಒಂದು ವರ್ಷದ ತರಬೇತಿ, ಬಳಿಕ ಖಚಿತ ಉದ್ಯೋಗ ಎಂದ. ಪತ್ರಿಕೆಯ ಅಚ್ಚುಕಟ್ಟು ನೋಡಿ ಮರುಳಾದ ನಾನು ಪ್ರಾರ್ಥನೆಯ ವೇಳೆಯಲ್ಲಿ ಮಕ್ಕಳ ಮುಂದೆ ಅದನ್ನು ಹೊಗಳಿದೆ. ಮೂವರು ಸೇರಿದರು. ಒಬ್ಬನ ತಾಯಿ ಶುಲ್ಕಕ್ಕಾಗಿ ಕರೆಯುವ ಎಮ್ಮೆಯನ್ನು ಮಾರಿದ್ದಳೆಂದು ನನಗೆ ಆಮೇಲೆ ತಿಳಿಯಿತು. ವರ್ಷಾಂತ್ಯದಲ್ಲಿ ಅವರ ಕೈಗೆ ಬಂದ ಪ್ರಮಾಣಪತ್ರಕ್ಕೆ ಯಾವ ಮಾನ್ಯತೆಯೂ ಇರಲಿಲ್ಲ. ಆ ತಾಯಿ ನನ್ನನ್ನು ಒಂದು ಮಾತೂ ಆಡಲಿಲ್ಲ. ಸಂತೆಯಲ್ಲಿ ಎದುರಾದಾಗ ಮೊದಲಿನಂತೆಯೇ ‘ಶರಣರಿ ಗುರುಗಳ’ ಎಂದಳು. ನನಗೆ ತಲೆ ಎತ್ತಲಾಗಲಿಲ್ಲ. ಹತ್ತಿರದ ಸರ್ಕಾರಿ ಐ.ಟಿ.ಐ.ಗೆ ಹೋಗಿ ಅದರ ಪ್ರಾಚಾರ್ಯರನ್ನು ಒಂದು ಮಾತು ಕೇಳಿದ್ದರೆ ಆ ಕೇಂದ್ರದ ನಿಜಸ್ಥಿತಿ ಕಾಲು ಗಂಟೆಯಲ್ಲಿ ತಿಳಿಯುತ್ತಿತ್ತು. ಅಂದಿನಿಂದ ಯಾವ ಸಂಸ್ಥೆಯ ಹೆಸರನ್ನೂ ಹಾಗೆ ವಿಚಾರಿಸದೆ ಮಕ್ಕಳ ಮುಂದೆ ಎತ್ತಿಲ್ಲ.

ಅಧ್ಯಾಪಕರು ಮಾಡಬಹುದಾದ ಇನ್ನೊಂದು ಕೆಲಸ ನೋಡಲು ಅಲ್ಪ, ಫಲದಲ್ಲಿ ದೊಡ್ಡದು. ಶಾಲೆಯ ದಾಖಲಾತಿಯಲ್ಲಿ ‘ಬಸವರಾಜ ಎಸ್.’ ಎಂದಿರುತ್ತದೆ, ಆಧಾರ್ ಚೀಟಿಯಲ್ಲಿ ‘ಬಸವರಾಜ ಶಿವಪ್ಪ’ ಎಂದಿರುತ್ತದೆ, ಬ್ಯಾಂಕಿನ ಪುಸ್ತಕದಲ್ಲಿ ಮೂರನೆಯ ರೂಪ. ಹುಟ್ಟಿದ ದಿನಾಂಕವೂ ಒಂದೊಂದು ಕಡೆ ಒಂದೊಂದು. ಅರ್ಜಿ ತಿರಸ್ಕೃತವಾಗಲು ಇಷ್ಟು ಸಾಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಎಷ್ಟು ಅಲೆದಾಟದ ಕೆಲಸವೆಂದು ಅನುಭವಿಸಿದವರೇ ಬಲ್ಲರು. ಒಂಬತ್ತನೆಯ ತರಗತಿಯಲ್ಲಿಯೇ ಒಂದು ದಿನ ಎಲ್ಲರ ಕಾಗದಗಳನ್ನೂ ತರಿಸಿ ಹೋಲಿಸಿ ನೋಡಿದರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಹತ್ತನೆಯ ತರಗತಿಯ ಅಂಕಗಳೂ ನಗಣ್ಯವಲ್ಲ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರವೂ ಸೇರಿದಂತೆ ನೈಋತ್ಯ ರೈಲ್ವೆಯ ಶಿಶಿಕ್ಷು ಆಯ್ಕೆಗಳು ಲಿಖಿತ ಪರೀಕ್ಷೆಯಿಲ್ಲದೆ, ಹತ್ತನೆಯ ತರಗತಿ ಮತ್ತು ಐ.ಟಿ.ಐ. ಅಂಕಗಳ ಸರಾಸರಿಯ ಮೇಲೆ ನಡೆದಿವೆ. ‘ಪಾಸಾದರೆ ಸಾಕು’ ಎನ್ನುವ ಹುಡುಗನಿಗೆ ಇದನ್ನು ಹೇಳಿ ನೋಡಿ, ಅವನು ಪುಸ್ತಕ ತೆರೆಯುತ್ತಾನೆ.

ಉಪಕರಣ ಮತ್ತು ಅಚ್ಚುಗಳ ತಯಾರಿಕೆ ಕಲಿಯಬಯಸುವವರಿಗೆ, ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಅದರ ಶಾಖೆಗಳು ರಾಜ್ಯದ ಹಲವೆಡೆ ಇವೆ. ಊರು ಬಿಡಲಾಗದವರಿಗೆ ಸ್ವಂತ ಉದ್ಯೋಗದ ದಾರಿ ತೋರಿದ್ದು 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ. ಊಟ-ವಸತಿಯೊಡನೆ ಉಚಿತವಾಗಿ ಕಲಿಸುವ ಅದರ ಮಾದರಿಯನ್ನೇ ಅನುಸರಿಸಿ ಬಳಿಕ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ತರಬೇತಿ ಸಂಸ್ಥೆಗಳು ತೆರೆದವು. ಹೊಲಿಗೆ, ಪಂಪುಸೆಟ್ ದುರಸ್ತಿ, ಹೈನುಗಾರಿಕೆ ಕಲಿತು ನಿಂತವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಇದ್ದಾರೆ.

ಇಲ್ಲಿ ಒಂದು ಕಟುವಾದ ಮಾತು. ಶರಣರು ತಮ್ಮ ಕಸುಬಿನ ಹೆಸರನ್ನೇ ತಮ್ಮ ಹೆಸರಿನೊಡನೆ ಧರಿಸಿದರೆಂದು ವೇದಿಕೆಯ ಮೇಲೆ ಗಂಟೆಗಟ್ಟಲೆ ಹೇಳುವ ನಾವು, ನಮ್ಮ ಮನೆಯ ಹುಡುಗ ವೆಲ್ಡಿಂಗ್ ಕಲಿಯುತ್ತೇನೆಂದರೆ ಮುಖ ಸಿಂಡರಿಸುತ್ತೇವೆ. ಹುಡುಗಿ ಎಲೆಕ್ಟ್ರಿಷಿಯನ್ ತರಬೇತಿಗೆ ಹೋಗುತ್ತೇನೆಂದರೆ ನಗುತ್ತೇವೆ. ಕಲಿತು ಬಂದವರ ಬೆರಳಿನ ಮಸಿ ನೋಡಿ ಹೆಣ್ಣು ಕೊಡಲು ಹಿಂಜರಿಯುವವರೂ ನಾವೇ.

ದಾನಿಗಳಲ್ಲಿ ಒಂದು ವಿನಂತಿ. ಕೊಠಡಿ ಕಟ್ಟಿಸಿದ್ದೀರಿ, ದಾಸೋಹ ನಡೆಸಿದ್ದೀರಿ. ಅದನ್ನು ಈ ಶಾಲೆ ಮರೆತಿಲ್ಲ. ನಿಮ್ಮಲ್ಲಿ ಎಣ್ಣೆಗಿರಣಿ, ಮುದ್ರಣಾಲಯ, ವಾಹನ ದುರಸ್ತಿಯ ಗ್ಯಾರೇಜು ನಡೆಸುವವರಿದ್ದೀರಿ. 2019ರ ನಿಯಮಗಳು ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿರುವ ಸಣ್ಣ ಸಂಸ್ಥೆಗಳಿಗೂ, ಕಡ್ಡಾಯವಲ್ಲದಿದ್ದರೂ, ಶಿಶಿಕ್ಷುಗಳನ್ನು ತೆಗೆದುಕೊಳ್ಳುವ ಅವಕಾಶ ಕೊಟ್ಟವು. ವರ್ಷಕ್ಕೆ ಒಬ್ಬ ವಿದ್ಯಾರ್ಥಿಗೆ ನಿಮ್ಮಲ್ಲಿ ಕಲಿಯಲು ಸ್ಥಳ ಕೊಡಿ, ನೋಂದಾಯಿತ ಕರಾರಿನೊಂದಿಗೆ ಕೊಡಿ.

ಹಳೆಯ ವಿದ್ಯಾರ್ಥಿಗಳಿಂದ ಬೇಡುವುದು ಹಣವಲ್ಲ, ಒಂದು ಅಂಚೆಕಾರ್ಡಿನಷ್ಟು ಬರಹ: ನೀವು ದುಡಿಯುವ ಸ್ಥಳ, ಅಲ್ಲಿ ಶಿಶಿಕ್ಷುಗಳನ್ನು ಯಾವ ತಿಂಗಳಲ್ಲಿ ಕರೆಯುತ್ತಾರೆ, ಪರವೂರಿನಿಂದ ಬಂದ ಹುಡುಗನಿಗೆ ಮೊದಲ ವಾರ ತಂಗಲು ನೆರವಾಗಬಲ್ಲಿರೋ ಇಲ್ಲವೋ. ಮೊದಲ ಶಿಷ್ಯವೇತನ ಕೈಸೇರುವವರೆಗಿನ ಬಾಡಿಗೆ, ಊಟಗಳನ್ನು ಭರಿಸಲಾಗದೆ ಹಿಂದಿರುಗಿದವರನ್ನು ನಾನು ಬಲ್ಲೆ. ಇದಕ್ಕಾಗಿ ಇನ್ನೂರು ಪುಟದ ಒಂದು ದಪ್ಪ ಪುಸ್ತಕವನ್ನು ಕೊಂಡು ಶಾಲೆಯ ಕಚೇರಿಯಲ್ಲಿ ಇರಿಸಿದ್ದೇನೆ. ಈಗ ಅದರಲ್ಲಿ ಹನ್ನೊಂದು ವಿಳಾಸಗಳಿವೆ. ಗುಮಾಸ್ತರನ್ನು ಕೇಳಿದರೆ ಕೊಡುತ್ತಾರೆ. ಪೆನ್ನನ್ನೂ ಅದರೊಡನೆ ದಾರದಿಂದ ಕಟ್ಟಿಸಿದ್ದೇನೆ.