ಆಂಥೂರಿಯಂ ಗಿಡಕ್ಕೆ ಕಾಯಿಲೆ: ಮೊದಲು ಗುರುತಿಸೋಣ, ಆಮೇಲೆ ಮದ್ದು



ಕರಾವಳಿ, ಮಲೆನಾಡು, ಕೊಡಗಿನ ಹವೆ ಆಂಥೂರಿಯಂಗೆ ಚೆನ್ನಾಗಿ ಹಿಡಿಸುತ್ತದೆ. ನಮ್ಮಲ್ಲಿ ಕೆಲವರು ಚಂದಕ್ಕೆಂದು ನಾಲ್ಕು ಚಟ್ಟಿ ಇಟ್ಟವರು, ಕೆಲವರು ಸಂಘದ ಸಾಲದಲ್ಲಿ ನೆರಳು ಬಲೆ ಕಟ್ಟಿ ಹೂ ಮಾರುವವರು. ಎಲೆ ಹಳದಿಯಾದ ಕೂಡಲೇ ಅಂಗಡಿಗೆ ಹೋಗಿ "ಏನಾದ್ರೂ ಔಷಧಿ ಕೊಡಿ" ಎಂದರೆ ಸಾಲದು. ಎಲ್ಲ ಕಾಯಿಲೆಗೂ ಒಂದೇ ಮದ್ದಿಲ್ಲ. ಒಂದು ಕಾಯಿಲೆಗಂತೂ ಮದ್ದೇ ಇಲ್ಲ.

1. ಬೇರು ಕೊಳೆಯುವುದು
ಚಟ್ಟಿಯಲ್ಲಿ ನೀರಿದ್ದರೂ ಗಿಡ ಬಾಡಿದ ಹಾಗೆ ಕಾಣುತ್ತದೆ. ಗಿಡ ಕಿತ್ತು ನೋಡಿದರೆ ಬೇರು ಕಂದಾಗಿ, ಸಿಪ್ಪೆ ಜಾರಿ ಬರುತ್ತದೆ. ನೀರು ನಿಲ್ಲುವುದೇ ಕಾರಣ. ಕೊಳೆತ ಬೇರು ಕತ್ತರಿಸಿ, ತೆಂಗಿನ ಸಿಪ್ಪೆ, ಇದ್ದಿಲು, ಇಟ್ಟಿಗೆ ಚೂರು ತುಂಬಿದ ಬೇರೆ ಚಟ್ಟಿಯಲ್ಲಿ ನೆಡಿ. ತಳದ ತೂತು ಮುಚ್ಚಿರಬಾರದು.

2. ಹೂವಿನ ಕಡ್ಡಿ ಕಪ್ಪಾಗುವುದು (ಚಿಬ್ಬು ರೋಗ)
ಹೂವಿನ ನಡುವಿನ ಕಡ್ಡಿಯಲ್ಲಿ ಸಣ್ಣ ಕಪ್ಪು ಚುಕ್ಕೆ ಬಂದು, ದೊಡ್ಡದಾಗಿ ಕೊಳೆಯುತ್ತದೆ. ಇದು ಶಿಲೀಂಧ್ರ. ಮಳೆಗಾಲದಲ್ಲಿ ಜಾಸ್ತಿ. ಅಂಥ ಹೂ ಕಿತ್ತು ಸುಡಿ. ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಸಿಂಪಡಿಸಬಹುದು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

3. ಕೀಟಗಳು
ಹೂವಿನಲ್ಲಿ ಬಿಳಿ ಗೀರು ಬಿದ್ದು ಸೊಟ್ಟಗಾದರೆ ಥ್ರಿಪ್ಸ್. ಎಲೆ ಕಂಚಿನ ಬಣ್ಣಕ್ಕೆ ತಿರುಗಿದರೆ ನುಸಿ. ಹತ್ತಿಯಂಥ ಬಿಳಿ ಹಿಟ್ಟು ಕಂಡರೆ ಹಿಟ್ಟು ತಿಗಣೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪು ಕಲಸಿ ಸಂಜೆ ಹೊತ್ತು ಎಲೆಯ ಅಡಿಗೂ ಸಿಂಪಡಿಸಿ. ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಒಳ್ಳೆಯದು.

4. ದುಂಡಾಣು ಅಂಗಮಾರಿ: ಎಚ್ಚರ!
ಎಲೆಯ ಅಂಚಿನಲ್ಲಿ ನೀರು ಕುಡಿದಂಥ ಕಲೆ, ಸುತ್ತ ಹಳದಿ, ಆಮೇಲೆ ಕಂದು ಬಣ್ಣ. ರೋಗ ಒಳಗೆ ಇಳಿದರೆ ಹಳೆಯ ಎಲೆ ಹಳದಿಯಾಗಿ, ಮುಟ್ಟಿದರೆ ತೊಟ್ಟು ಬುಡದಿಂದಲೇ ಕಳಚುತ್ತದೆ. ಇದಕ್ಕೆ ಮದ್ದಿಲ್ಲ. 1980ರ ದಶಕದಲ್ಲಿ ಹವಾಯಿ ದ್ವೀಪಗಳಲ್ಲಿ ಈ ರೋಗ ಹರಡಿ, ಅನೇಕ ಸಣ್ಣ ಬೆಳೆಗಾರರು ಆಂಥೂರಿಯಂ ಬೆಳೆಯುವುದನ್ನೇ ಬಿಟ್ಟರು.

ಇದು ಹರಡುವುದು ಚಿಮ್ಮುವ ನೀರಿನಿಂದ, ಹೂ ಕೊಯ್ಯುವ ಚಾಕುವಿನಿಂದ, ನಮ್ಮ ಕೈಯಿಂದ. ಇನ್ನೊಂದು ದಾರಿ ನಾವು ಪ್ರೀತಿಯಿಂದ ಹಂಚುವ ಮರಿ ಗಿಡ. ತಾಯಿ ಗಿಡದಲ್ಲಿ ರೋಗ ಇದ್ದರೆ, ಮರಿ ನೋಡಲು ಚೆನ್ನಾಗಿದ್ದರೂ ಒಳಗೆ ರೋಗ ಇರಬಹುದು. ಒಬ್ಬರ ಮನೆಯ ಗಿಡದಿಂದ ಇಡೀ ಸಂಘದ ಬಂಡವಾಳ ಹೋಗಬಹುದು. ಆದ್ದರಿಂದ:

• ರೋಗದ ಗಿಡವನ್ನು ಚಟ್ಟಿಯ ಸಿಪ್ಪೆ ಸಮೇತ ತೆಗೆದು ಸುಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ.
• ಎರಡು ಚಾಕು ಇಟ್ಟುಕೊಳ್ಳಿ. ಒಂದು ಸ್ಪಿರಿಟ್‌ನಲ್ಲಿ ಅದ್ದಿರಲಿ, ಗಿಡ ಗಿಡಕ್ಕೂ ಬದಲಿಸಿ.
• ನೀರು ಬುಡಕ್ಕೆ ಹಾಕಿ. ಎಲೆ ಒದ್ದೆ ಇರುವಾಗ ಹೂ ಕೊಯ್ಯಬೇಡಿ.
• ಹೊಸ ಗಿಡವನ್ನು ಎರಡು ತಿಂಗಳಾದರೂ ಬೇರೆ ಕಡೆ ಇಟ್ಟು ನೋಡಿ, ಆಮೇಲೆ ಉಳಿದವುಗಳ ಜೊತೆ ಸೇರಿಸಿ.

ಒಂದು ಮಾತು: ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಆಂಥೂರಿಯಂಗೆ ಹೊಡೆಯಬೇಡಿ. ಅದರಲ್ಲಿರುವ ತಾಮ್ರ ಈ ಗಿಡಕ್ಕೆ ಆಗುವುದಿಲ್ಲ, ಎಲೆ ಸುಡುತ್ತದೆ. ನೇರ ಬಿಸಿಲು ಬಿದ್ದರೂ ಎಲೆ ಸುಟ್ಟ ಹಾಗೆ ಕಾಣುತ್ತದೆ. ಅದು ರೋಗವಲ್ಲ, ನೆರಳಿಗೆ ಇಟ್ಟರೆ ಸಾಕು.

ಸಭೆಯಲ್ಲಿ ಚರ್ಚಿಸಿ
1. ನಮ್ಮ ಸಂಘದಲ್ಲಿ ಯಾರ ಗಿಡದಲ್ಲಿ ಇಂಥ ಲಕ್ಷಣ ಇದೆ? ಹೇಳಲು ನಾಚಿಕೆ ಬೇಡ. ಬೇಗ ಹೇಳಿದರೆ ಉಳಿದವರ ಗಿಡ ಉಳಿಯುತ್ತದೆ.
2. ಗಿಡ ಸುಡಬೇಕಾದ ಸದಸ್ಯೆಗೆ ಸಾಲದ ಕಂತಿನಲ್ಲಿ ಸಂಘ ಹೇಗೆ ನೆರವಾಗಬಹುದು?
3. ಮುಂದಿನ ಸಭೆಯೊಳಗೆ ಪ್ರತಿಯೊಬ್ಬರೂ ತಮ್ಮ ಚಟ್ಟಿಗಳ ಎಲೆ ಅಡಿ ನೋಡಿ ಬರೋಣವೇ?