ತೊಗಲಿನ ಕೈಗೆಲಸ: ಮನೆಯಲ್ಲಿ ಕಲಿಯತಕ್ಕ ಒಂದು ಪಾಠ

ಹೊಲಿಗೆ, ಹೆಣಿಕೆ, ಕಸೂತಿ ಇವು ನಮ್ಮ ಶಾಲೆಯ ಬಾಲಿಕೆಯರು ತಲೆಮಾರುಗಳಿಂದ ಕಲಿತು ಬಂದ ವಿದ್ಯೆಗಳು. ಇವುಗಳ ಸಾಲಿಗೆ ತೊಗಲಿನ ಕೆಲಸವನ್ನೂ ಸೇರಿಸಬೇಕೆಂದು ಹೇಳಿದರೆ ಕೆಲವು ಪಾಲಕರು ಸುಮ್ಮನಾಗುತ್ತಾರೆ. "ಇದು ನಮ್ಮ ಮಕ್ಕಳು ಮಾಡತಕ್ಕ ಕೆಲಸವೇ?" ಎಂಬ ಪ್ರಶ್ನೆಯು ಬಾಯಿಗೆ ಬಾರದಿದ್ದರೂ ಮುಖದಲ್ಲಿ ತೋರುವದು. ಆ ಪ್ರಶ್ನೆಗೆ ಉತ್ತರವನ್ನೂ ಕೆಲಸದ ಕ್ರಮವನ್ನೂ ಒಟ್ಟಿಗೆ ತಿಳಿಸುವದು ಈ ಲೇಖನದ ಉದ್ದೇಶವು.

ನಮ್ಮ ನಾಡಿಗೆ ಈ ವಿದ್ಯೆಯು ಹೊಸದಲ್ಲ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳಲ್ಲಿ ತಯಾರಾಗುವ ಚಪ್ಪಲಿಗಳು ಕೊಲ್ಹಾಪುರದ ಹೆಸರಿನಿಂದ ದೇಶವಿದೇಶಗಳಿಗೆ ಹೋಗುತ್ತವೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದಲ್ಲಿ ಇಂಥದೇ ಪಾದರಕ್ಷೆಗಳನ್ನು ಮೂಲದ ಹೆಸರು ಹೇಳದೆ ಪ್ರದರ್ಶಿಸಿತು. ಇಲ್ಲಿಯವರು ಆಕ್ಷೇಪಿಸಿದ ಬಳಿಕ ಅವುಗಳ ಪ್ರೇರಣೆಯು ಭಾರತದ ಕುಶಲಕರ್ಮಿಗಳದೆಂದು ಒಪ್ಪಿಕೊಂಡಿತು. ಜಗತ್ತು ಬೆಲೆ ಕೊಟ್ಟು ಕೊಳ್ಳಬಯಸುವ ಕೌಶಲ್ಯವನ್ನು ಅದು ಹುಟ್ಟಿದ ನೆಲದಲ್ಲಿ ನಾವು ಕೀಳೆಂದು ಎಣಿಸುವದು ಯಾವ ನ್ಯಾಯ? ಅಥಣಿಯಲ್ಲಿ ಚಪ್ಪಲಿಯ ಮೇಲಿನ ಹೆಣಿಕೆ, ಅಲಂಕಾರಗಳನ್ನು ಹೆಚ್ಚಾಗಿ ಹೆಂಗಸರೇ ಮಾಡುತ್ತಾರೆಂಬುದನ್ನೂ ನಮ್ಮ ಬಾಲಿಕೆಯರು ತಿಳಿದಿರಬೇಕು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರೂ ಅವರ ಪತ್ನಿ ಕಲ್ಯಾಣಮ್ಮನವರೂ ಶರಣರ ಸಾಲಿನಲ್ಲಿ ಗೌರವದಿಂದ ಕುಳಿತವರು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ಮಹಾತ್ಮಾ ಗಾಂಧಿಯವರು ಅದಕ್ಕೂ ಮೊದಲೇ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಆಶ್ರಮದಲ್ಲಿ ಚಪ್ಪಲಿ ಮಾಡಲು ಕಲಿತಿದ್ದರು. ತಮ್ಮನ್ನು ಸೆರೆಗೆ ಹಾಕಿಸಿದ ಜನರಲ್ ಸ್ಮಟ್ಸ್ ಅವರಿಗೆ 1914ರಲ್ಲಿ ಅವರು ಕೊಟ್ಟ ಕಾಣಿಕೆಯು ಒಂದು ಜೊತೆ ಚಪ್ಪಲಿಯೇ. ಇಂಥ ಕೈಗಳು ಮಾಡಿದ ಕೆಲಸವು ನಮ್ಮ ಕೈಗೆ ಹೇಗೆ ಕೊರತೆಯಾದೀತು?

ತೊಗಲಿನ ಗುಣ

ಹಸಿ ತೊಗಲು ಕೊಳೆಯುವದು. ಹದ ಮಾಡಿದ ತೊಗಲು ಬಾಳುವದು. ಈ ಹದದಲ್ಲಿ ಎರಡು ಬಗೆಗಳುಂಟು. ಒಂದು, ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರಿನಿಂದ ಮಾಡುವ ಹಳೆಯ ಪದ್ಧತಿಯು. ಖಾನಾಪುರದ ಕಾಡುಗಳಲ್ಲಿ ಬೆಳೆಯುವ ಅಳಲೆಯ ಮರವನ್ನು ನಮ್ಮ ಹಳ್ಳಿಯ ಮಕ್ಕಳು ಔಷಧಕ್ಕಾಗಿ ಬಲ್ಲರು. ಅದರ ಕಾಯಿಯ ಒಗರೇ ತೊಗಲಿನ ನಾರುಗಳನ್ನು ಹಿಡಿದು ಕೊಳೆಯದಂತೆ ಮಾಡುವದು. ಇನ್ನೊಂದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದ ಕ್ರೋಮಿಯಂ ಲವಣದ ಪದ್ಧತಿಯು. ಇದು ಬೇಗ ಮುಗಿಯುವದು, ತೊಗಲೂ ಮೆದುವಾಗುವದು.

ಕಲಿಯುವವರಿಗೆ ಮೊದಲನೆಯದೇ ಲೇಸು. ಅದು ನೀರು ತಾಗಿದಾಗ ಬಗ್ಗುವದು, ಒಣಗಿದಾಗ ಕೊಟ್ಟ ಆಕಾರವನ್ನು ಉಳಿಸಿಕೊಳ್ಳುವದು, ಉಜ್ಜಿದರೆ ಅಂಚು ಹೊಳೆಯುವದು. ಇದನ್ನು ಗುರುತಿಸುವದು ಸುಲಭ: ಬಣ್ಣ ಹಚ್ಚದ ತುಂಡಿನ ಮೇಲೆ ಒಂದು ಹನಿ ನೀರು ಹಾಕಿದರೆ ಅದು ಹೀರಿ ಕಪ್ಪಾಗುವದು. ಕತ್ತರಿಸಿದ ಅಂಚು ನೀಲಿ ಬೂದಿಯಾಗಿ ಕಂಡರೆ ಅದು ಕ್ರೋಮಿಯಂ ತೊಗಲೆಂದು ತಿಳಿಯಬೇಕು. ಪಾದರಕ್ಷೆ ಮಾಡುವವರಲ್ಲಿ ಉಳಿದ ತುಂಡುಗಳು ಸಿಗುತ್ತವೆ. ಅವುಗಳನ್ನು ಬಿಟ್ಟಿ ಕೇಳದೆ ಬೆಲೆ ಕೊಟ್ಟೇ ತರಬೇಕು.

ಉಪಕರಣಗಳು

ದೊಡ್ಡ ವೆಚ್ಚ ಬೇಡ. ವೃತ್ತಿಗಾರರು ರಂಪಿಗೆಯಿಂದ ಕೊಯ್ಯುತ್ತಾರೆ. ನಮಗೆ ಕಾಗದ ಕತ್ತರಿಸುವ ಹರಿತವಾದ ಚಾಕು, ಉಕ್ಕಿನ ಅಳತೆಪಟ್ಟಿ ಸಾಕು. ಮೊಂಡು ಚಾಕುವಿಗೆ ಬಲ ಹೆಚ್ಚು ಬೇಕಾಗುವದರಿಂದ ಅದು ಜಾರಿ ಬೆರಳನ್ನು ಕೊಯ್ಯುವದು, ಹರಿತವಾದದ್ದೇ ಸುರಕ್ಷಿತವು. ಗಣಿತದ ಪೆಟ್ಟಿಗೆಯಲ್ಲಿ ಎರಡು ಮೊನೆಯ ವಿಭಾಜಕವಿದ್ದರೆ ಅದೇ ಹೊಲಿಗೆಯ ಗೆರೆ ಎಳೆಯುವ ಸಾಧನವಾಗುವದು. ತೂತು ಹಾಕಲು ಆರಿ ಬೇಕು. ಅದಿಲ್ಲದಿದ್ದರೆ ದಪ್ಪ ಸೂಜಿಯನ್ನು ಬಿದಿರಿನ ಹಿಡಿಕೆಯಲ್ಲಿ ಬಿಗಿಯಾಗಿ ಕೂರಿಸಬಹುದು. ಮೊನೆ ಮೊಂಡಾದ ಎರಡು ಸೂಜಿಗಳು, ದಪ್ಪ ನೂಲು, ಒಂದಿಷ್ಟು ಜೇನುಮೇಣ, ಚಿಕ್ಕ ಮರದ ಕೊಡತಿ, ಬಟ್ಟೆ ಒಣಗಿಸುವ ನಾಲ್ಕು ಕ್ಲಿಪ್ಪುಗಳು, ಹಳೆಯ ಮರದ ಹಲಗೆ: ಇಷ್ಟೇ ಸಾಮಗ್ರಿಯು.

ಮಾಡುವ ಕ್ರಮ

ಮೊದಲ ಪಾಠಕ್ಕೆ ಗುರುತಿನ ಚೀಟಿ ಇಡುವ ಚಿಕ್ಕ ಚೀಲವನ್ನು ಮಾಡೋಣ. ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪದ ತೊಗಲಿನಲ್ಲಿ 15 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ತುಂಡು ಬೇಕು. ಮೊದಲು ದಪ್ಪ ಕಾಗದದಲ್ಲಿ ಕತ್ತರಿಸಿ, ಮಡಚಿ, ಚೀಟಿ ಹಿಡಿಸುವದನ್ನು ನೋಡಿಕೊಂಡು ಆಮೇಲೆ ತೊಗಲನ್ನು ಮುಟ್ಟಬೇಕು. ಬಟ್ಟೆಯಲ್ಲಿ ತಪ್ಪು ಹೊಲಿಗೆಯನ್ನು ಬಿಚ್ಚಬಹುದು. ತೊಗಲಿನಲ್ಲಿ ಬಿದ್ದ ತೂತು ಮುಚ್ಚುವದಿಲ್ಲ. ತಾಳ್ಮೆಯನ್ನು ಈ ಕೆಲಸವು ಮಾತಿಲ್ಲದೆ ಕಲಿಸುವದು ಹೀಗೆ.

ಅಳತೆಪಟ್ಟಿಯನ್ನು ಒತ್ತಿ ಹಿಡಿದು, ಒಂದೇ ಸಲಕ್ಕೆ ಕೊಯ್ಯದೆ, ಹಗುರವಾಗಿ ಎರಡು ಮೂರು ಸಲ ಚಾಕುವನ್ನು ಎಳೆಯಬೇಕು. ಹಿಡಿದ ಕೈ ಎಂದಿಗೂ ಚಾಕುವಿನ ದಾರಿಯಲ್ಲಿರಬಾರದು. ಮಡಚುವ ಕಡೆಗೆ ಒದ್ದೆ ಬಟ್ಟೆಯಿಂದ ತೇವ ಕೊಟ್ಟು, ಮಧ್ಯಕ್ಕೆ ಮಡಚಿ, ಒಣಗುವ ತನಕ ಪುಸ್ತಕದ ಭಾರದ ಕೆಳಗೆ ಇಡಬೇಕು. ನಡುವೆ ಕಾಗದವಿರಲಿ, ಇಲ್ಲವಾದರೆ ಪುಸ್ತಕಕ್ಕೆ ಕಲೆಯಾಗುವದು.

ಅನಂತರ ಎರಡೂ ಬದಿಯಲ್ಲಿ ಅಂಚಿನಿಂದ 4 ಮಿಲಿಮೀಟರ್ ಒಳಗೆ ಗೆರೆ ಎಳೆಯಬೇಕು. ವಿಭಾಜಕದ ಮೊನೆಗಳನ್ನು 4 ಮಿಲಿಮೀಟರಿಗೆ ಇಟ್ಟು ಗೆರೆಯ ಮೇಲೆ ಹೆಜ್ಜೆ ಹಾಕಿಸಿದರೆ 7.2 ಸೆಂಟಿಮೀಟರಿನಲ್ಲಿ 18 ಅಂತರಗಳೂ 19 ತೂತುಗಳೂ ಆಗುತ್ತವೆ. ಅಂತರಕ್ಕಿಂತ ತೂತು ಒಂದು ಹೆಚ್ಚೆಂಬ ಲೆಕ್ಕವನ್ನು ಮರೆತವರಿಗೆ ಇಲ್ಲಿ ಅದು ನೆನಪಾಗುವದು. ಎರಡು ಪದರಗಳನ್ನು ಕ್ಲಿಪ್ಪುಗಳಿಂದ ಬಿಗಿದು, ಹಲಗೆಯ ಮೇಲಿಟ್ಟು, ಆರಿಯನ್ನು ನೆಟ್ಟಗೆ ಹಿಡಿದು ಎರಡನ್ನೂ ಕೂಡಿಯೇ ಚುಚ್ಚಬೇಕು.

ನೂಲು ಹೊಲಿಗೆಯ ಉದ್ದದ ನಾಲ್ಕು ಪಟ್ಟು ಇರಬೇಕು. ಕೈಹಿಡಿತಕ್ಕಾಗಿ ಇನ್ನಷ್ಟು ಸೇರಿಸಿ ಒಂದೊಂದು ಬದಿಗೆ 60 ಸೆಂಟಿಮೀಟರ್ ತೆಗೆದುಕೊಳ್ಳಿರಿ. ನೂಲನ್ನು ಜೇನುಮೇಣದ ಮೇಲೆ ಮೂರು ನಾಲ್ಕು ಸಲ ಎಳೆದು, ಎರಡು ತುದಿಗಳಿಗೂ ಸೂಜಿ ಪೋಣಿಸಬೇಕು. ಮೊದಲ ತೂತಿನಲ್ಲಿ ನೂಲನ್ನು ಸಮಭಾಗ ಮಾಡಿ, ಮುಂದಿನ ಪ್ರತಿಯೊಂದು ತೂತಿನಲ್ಲಿಯೂ ಒಂದು ಸೂಜಿ ಈಚೆಯಿಂದ, ಇನ್ನೊಂದು ಆಚೆಯಿಂದ ಹಾಯಬೇಕು. ಕಸೂತಿಯ ಗವಂತಿ ಹೊಲಿಗೆಯನ್ನು ಬಲ್ಲವಳಿಗೆ ಇದು ಹಳೆಯ ಗೆಳತಿಯೇ. ಅಲ್ಲಿಯಂತೆ ಇಲ್ಲಿಯೂ ಎರಡು ಮುಖಗಳು ಒಂದೇ ಸಮನಾಗಿ ಕಾಣುತ್ತವೆ. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ಕಿತ್ತರೆ ಸಾಲು ಬಿಚ್ಚಿಕೊಳ್ಳುವ ಭಯವುಂಟು. ಇಲ್ಲಿ ಒಂದು ಎಳೆ ಸವೆದರೂ ಇನ್ನೊಂದು ಹಿಡಿದಿರುವದು. ಕೊನೆಯಲ್ಲಿ ಎರಡು ತೂತು ಹಿಂದಕ್ಕೆ ಹೊಲಿದು, ನೂಲನ್ನು ಕತ್ತರಿಸಿ, ಕೊಡತಿಯಿಂದ ಮೆಲ್ಲನೆ ತಟ್ಟಬೇಕು. ಅಂಚಿಗೆ ತೇವ ಕೊಟ್ಟು ನುಣುಪಾದ ಮರದ ತುಂಡಿನಿಂದ ಉಜ್ಜಿದರೆ ಅದು ಮುಚ್ಚಿಕೊಂಡು ಹೊಳಪೇರುವದು.

ಜೋಪಾನ

ಖಾನಾಪುರದ ಮಳೆಗಾಲವು ತೊಗಲಿಗೆ ಪರೀಕ್ಷೆಯ ಕಾಲವು. ಒದ್ದೆಯಾದ ವಸ್ತುವನ್ನು ಒಲೆಯ ಬಳಿ ಒಣಗಿಸಿದರೆ ಬಿರುಕು ಬಿಡುವದು. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟರೆ ಬೂಸು ಹಿಡಿಯುವದು. ಒರಸಿ, ನೆರಳಿನಲ್ಲಿ ಗಾಳಿಗೆ ಇಟ್ಟು, ಒಣಗಿದ ಮೇಲೆ ಹರಳೆಣ್ಣೆಯ ಒಂದೆರಡು ಹನಿಗಳನ್ನು ಬಟ್ಟೆಯಿಂದ ತಿಕ್ಕಬೇಕು. ಎಣ್ಣೆ ಹೆಚ್ಚಾದರೆ ಧೂಳು ಅಂಟುವದು.

ಪಾಲಕರಲ್ಲಿ ಒಂದು ವಿನಂತಿಯು. ತನ್ನ ಕೈಯಿಂದ 38 ತೂತು ಚುಚ್ಚಿ ಒಂದು ಚೀಲ ಹೊಲಿದ ಹುಡುಗಿಯು, ಚಪ್ಪಲಿ ರಿಪೇರಿಗೆ ಕೇಳಿದ ಹಣದಲ್ಲಿ ಚೌಕಾಸಿ ಮಾಡುವ ಮೊದಲು ಒಂದು ಕ್ಷಣ ಯೋಚಿಸುವಳು. ಬೀದಿಯ ಬದಿಯಲ್ಲಿ ಕುಳಿತು ಹೊಲಿಯುವವರನ್ನು ಬಹುವಚನದಲ್ಲಿ ಮಾತನಾಡಿಸುವಳು. ಅಂಕಪಟ್ಟಿಯಲ್ಲಿ ಕಾಣದ ಈ ವಿದ್ಯೆಗಾಗಿ ರವಿವಾರದ ಎರಡು ತಾಸುಗಳನ್ನು ಮಗಳಿಗೆ ಕೊಡಿರಿ. ಪೂರ್ವ ವಿದ್ಯಾರ್ಥಿನಿಯರೇ, ನೀವೂ ಒಂದು ಚೀಲ ಹೊಲಿದು ನಿಮ್ಮ ಮಕ್ಕಳ ಕೈಗೆ ಆರಿಯನ್ನು ಕೊಡಿರಿ. ಉಳಿದುದನ್ನು ತೊಗಲೇ ಕಲಿಸುವದು.