ಭೂಮಧ್ಯ ಸಮುದ್ರದ ಮಳೆಯೂ ನಮ್ಮ ಘಟಪ್ರಭೆಯೂ

ಕಳೆದ ವರ್ಷ ಭೂಗೋಳದ ಪರೀಕ್ಷೆಯಲ್ಲಿ ಭೂಮಧ್ಯ ಸಮುದ್ರ ತೀರದ ವಾಯುಗುಣವನ್ನು ಕುರಿತು ಪ್ರಶ್ನೆಯೊಂದು ಬಂದಿತ್ತು. "ಸಮುದ್ರದ ದಂಡೆಯಾದುದರಿಂದ ಅಲ್ಲಿ ಬೇಸಿಗೆಯಲ್ಲಿ ಹೇರಳವಾಗಿ ಮಳೆಯಾಗುತ್ತದೆ" ಎಂದು ಧೈರ್ಯವಾಗಿ ಬರೆದು ಬಂದೆ. ನಿಜ ಸಂಗತಿ ಅದಕ್ಕೆ ತೀರ ವಿರುದ್ಧ. ಅಲ್ಲಿ ಬೇಸಿಗೆ ಒಣ ಬೇಸಿಗೆ. ಮಳೆ ಬೀಳುವುದು ಚಳಿಗಾಲದಲ್ಲಿ. ರಜೆಗೆಂದು ಊರಿಗೆ ಹೋದಾಗ ಈ ಪೇಚಾಟವನ್ನು ಅಪ್ಪನ ಮುಂದೆ ಹೇಳಿದೆ. ಹುಕ್ಕೇರಿ ತಾಲೂಕಿನ ದಡ್ಡಿ ನಮ್ಮೂರು. ಅಪ್ಪ ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ಅವರು ನಕ್ಕು, "ಆ ಸಮುದ್ರದ ಮಳಿ ಓದಿದ್ರ ನಮ್ಮ ಹೊಲಕ್ಕ ಏನ್ ಬಂತೋ ತಮ್ಮಾ?" ಎಂದರು. ಆಗ ಉತ್ತರ ತೋಚಲಿಲ್ಲ. ಈಗ ಬರೆಯುತ್ತಿದ್ದೇನೆ.

ಸಮುದ್ರ ಹತ್ತಿರವಿದ್ದ ಮಾತ್ರಕ್ಕೆ ಮಳೆ ಬರುವುದಿಲ್ಲ. ಆವಿ ತುಂಬಿದ ಗಾಳಿ ಮೇಲಕ್ಕೇರಿ ತಣ್ಣಗಾಗಬೇಕು. ಆಗಲೇ ಮೋಡ, ಆಗಲೇ ಹನಿ. ಬೇಸಿಗೆಯಲ್ಲಿ ಸೂರ್ಯನು ಉತ್ತರಕ್ಕೆ ಸರಿದಂತೆ ಉಪೋಷ್ಣವಲಯದ ಅಧಿಕ ಒತ್ತಡದ ಪಟ್ಟಿಯೂ ಸರಿದು ಭೂಮಧ್ಯ ಸಮುದ್ರದ ಮೇಲೆ ಬಂದು ಕೂಡುತ್ತದೆ. ಅಲ್ಲಿ ಗಾಳಿ ಏರುವುದಿಲ್ಲ, ಇಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗಿ ಒಣಗುತ್ತದೆ. ಕಣ್ಣೆದುರಿಗೆ ನೀಲಿ ನೀರು, ತಲೆಯ ಮೇಲೆ ಒಂದು ಮೋಡವಿಲ್ಲ! ಚಳಿಗಾಲದಲ್ಲಿ ಆ ಪಟ್ಟಿ ದಕ್ಷಿಣಕ್ಕೆ ಸರಿದಾಗ ಪಶ್ಚಿಮ ಮಾರುತಗಳು ಚಂಡಮಾರುತಗಳನ್ನು ಹೊತ್ತು ತರುತ್ತವೆ. ಆದುದರಿಂದಲೇ ಅಲ್ಲಿಯ ರೈತ ಗೋದಿಯನ್ನು ಅಕ್ಟೋಬರ-ನವೆಂಬರದಲ್ಲಿ ಬಿತ್ತುತ್ತಾನೆ. ನಮ್ಮ ಗೋಕಾಕ, ಮೂಡಲಗಿ ಕಡೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬಿತ್ತುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಭೇದವೆಂದರೆ ಅವರ ಪೈರಿಗೆ ಮುಂದೆ ಮಳೆಯಿದೆ. ನಮ್ಮದು ಹಿಂದೆ ಬಿದ್ದ ಮಳೆಯ ಹಸಿಯನ್ನೇ ನಂಬಿ ಬೆಳೆಯಬೇಕು.

ಪರ್ವತದ ಕೆಲಸ ಮಾತ್ರ ಎರಡೂ ಕಡೆಗೆ ಒಂದೇ. ಗ್ರೀಸ್ ದೇಶದ ಪಶ್ಚಿಮಕ್ಕಿರುವ ಕೊರ್ಫು ದ್ವೀಪದಲ್ಲಿ ವರ್ಷಕ್ಕೆ 1000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಪಿಂಡಸ್ ಪರ್ವತಗಳ ಆಚೆಗಿರುವ ಅಥೆನ್ಸಿಗೆ ಸಿಗುವುದು ಸುಮಾರು 400. ನಮ್ಮ ಕಡೆಗೆ ಬನ್ನಿರಿ: ಅರಬ್ಬೀ ಸಮುದ್ರದಿಂದ ಬಂದ ನೈಋತ್ಯ ಮಾರುತ ಸಹ್ಯಾದ್ರಿಯನ್ನು ಹತ್ತುವಾಗ ಅಂಬೋಲಿಯಲ್ಲಿ ಸುಮಾರು 7000 ಮಿಲಿಮೀಟರು ಸುರಿಯುತ್ತದೆ. ಬೆಟ್ಟ ಇಳಿದು ಪೂರ್ವಕ್ಕೆ ಬಂದಂತೆ ಅದರ ಕೈ ಬರಿದಾಗುತ್ತದೆ. ಗೋಕಾಕಕ್ಕೆ ದೊರೆಯುವುದು 600ರ ಆಸುಪಾಸು. ಅಂಬೋಲಿಯಿಂದ ಗೋಕಾಕಕ್ಕೆ ನಕಾಶೆಯ ಮೇಲೆ ನೇರ ಗೆರೆ ಎಳೆದರೆ 100 ಕಿಲೋಮೀಟರು ಕೂಡ ಆಗುವುದಿಲ್ಲ.

ಆದರೆ ಮೋಡ ಕೊಡದೆ ಹೋದುದನ್ನು ಹೊಳೆ ತರುತ್ತದೆ. 2019ರ ಆಗಸ್ಟದಲ್ಲಿ ನಾನಿನ್ನೂ ಪ್ರೌಢಶಾಲೆಯ ಹುಡುಗ. ಘಟ್ಟದ ಮೇಲೆ ಎಡೆಬಿಡದೆ ಸುರಿದ ಮಳೆ ಘಟಪ್ರಭೆಯಲ್ಲಿಯೂ ಹಿರಣ್ಯಕೇಶಿಯಲ್ಲಿಯೂ ಕೂಡಿಕೊಂಡು ಬಂದು, ಮಳೆಯ ನೆರಳಿನಲ್ಲಿರುವ ಗೋಕಾಕವನ್ನೇ ಮುಳುಗಿಸಿತು. ಅಲ್ಲಿ ನನ್ನ ಸೋದರಮಾವನ ಮನೆಯೊಳಗೆ ನೀರು ಹೊಕ್ಕಿತು. ನೀರು ಇಳಿದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಹೋದಳು. ಜೋಳದ ಚೀಲಗಳಲ್ಲಿ ಕಾಳು ಮೊಳೆತು ಹುಳಿನಾತ ಬರುತ್ತಿತ್ತು. ಅತ್ತೆ ಒಂದು ಮೊರದಲ್ಲಿ ಒಳ್ಳೆಯ ಕಾಳು ಉಳಿದಾವೇನೋ ಎಂದು ಆರಿಸುತ್ತ ಕುಳಿತಿದ್ದಳು. ಆ ಮೊರದಲ್ಲಿ ಹಿಡಿ ಕಾಳೂ ಕೂಡಿರಲಿಲ್ಲ.

ಇದನ್ನು ನಾನು ನಮ್ಮ ಕಡೆಯದೇ ವಿಚಿತ್ರವೆಂದು ತಿಳಿದಿದ್ದೆ. ಮುಂದೆ 2024ರ ಅಕ್ಟೋಬರ 29ರಂದು ಭೂಮಧ್ಯ ಸಮುದ್ರದ ದಂಡೆಯ ವಲೆನ್ಸಿಯಾ ಪ್ರಾಂತದಲ್ಲಿ ನಡೆದುದನ್ನು ಓದಿದೆ. ಬೇಸಿಗೆಯೆಲ್ಲ ಕಾಯ್ದ ಸಮುದ್ರ ಶರತ್ಕಾಲದಲ್ಲಿ ಬೆಚ್ಚಗಿರುತ್ತದೆ. ಅದರ ಆವಿಯನ್ನು ಹೊತ್ತ ಗಾಳಿ ದಂಡೆಯ ಹಿಂದಿನ ಗುಡ್ಡಗಳನ್ನು ಏರಿತು. ಮೇಲೆ ತಣ್ಣನೆಯ ಗಾಳಿಯ ಸುಳಿಯೊಂದು ನಿಂತಿತ್ತು. ತೂರಿಸ್ ಎಂಬ ಊರಿನಲ್ಲಿ ಒಂದೇ ದಿನ 700 ಮಿಲಿಮೀಟರಿಗೂ ಮಿಕ್ಕಿ ಮಳೆಯಾಯಿತು. ಗೋಕಾಕದ ವರ್ಷದ ಮಳೆಗಿಂತ ಅದು ಹೆಚ್ಚು! ಕೆಳಗಿನ ಪೈಪೋರ್ತಾದಲ್ಲಿ ಅಂದು ಮಳೆಯೇ ಇರಲಿಲ್ಲವೆನ್ನಬೇಕು. ವರ್ಷದ ಬಹುಕಾಲ ಒಣಗಿಯೇ ಇರುವ ಹಳ್ಳವೊಂದು ಊರ ನಡುವೆ ಹಾಯುತ್ತದೆ. ಸಂಜೆಯ ಹೊತ್ತಿಗೆ ಅದೇ ಹಳ್ಳ ಊರ ಮೇಲೆ ಬಂತು. ಆ ಪ್ರಾಂತದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಆಕಾಶ ನೋಡಿ ನೆರೆಯನ್ನು ಅಳೆದವರಿಗೆ ಎಚ್ಚರಾಗುವಷ್ಟು ವೇಳೆಯೇ ಉಳಿದಿರಲಿಲ್ಲ.

ಈ ಸಲದ ರಜೆಯಲ್ಲಿ ಅಪ್ಪನಿಗೆ ಪೈಪೋರ್ತಾದ ಕಥೆಯನ್ನು ಹೇಳಿದೆ. ಅವರು ಈ ಸಲ ನಗಲಿಲ್ಲ. "ಅವರ ಮ್ಯಾಲೂ ಘಟ್ಟ ಐತೇನು?" ಎಂದು ಕೇಳಿ, ಬಹಳ ಹೊತ್ತು ಹೊಳೆಯ ಕಡೆಗೆ ನೋಡುತ್ತ ಕುಳಿತರು. ಮಳೆಗಾಲ ಹಿಡಿದ ಮೇಲೆ ಈಗ ಅವರಿಂದ ನನಗೆ ದಿನಾಲು ಫೋನು ಬರುತ್ತದೆ. ದಡ್ಡಿಯಲ್ಲಿ ಬಿಸಿಲಿದ್ದರೂ ಮೊದಲ ಮಾತು ಒಂದೇ: "ಚಂದಗಡದಾಗ ನಿನ್ನೆ ಎಷ್ಟ್ ಬಿತ್ತು, ನೋಡಿ ಹೇಳು."